ಡ್ಯಾನ್ಯೂಬ್ ಕ್ರೂಸ್: ಹಡಗು ಹಗಲಲ್ಲಿ ಎಷ್ಟು ಹೊತ್ತು ಸಾಗುತ್ತದೆ ಅಂತ ಮೊದಲು ಕೇಳಿ

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ನನಗೆ 66 ವರ್ಷ, ಹೆಂಡತಿಗೆ 61. ಮೈಸೂರಿನಲ್ಲಿದ್ದೇವೆ. ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಮುಂದಿನ ವರ್ಷ ಅವನ ಮನೆಯಲ್ಲಿ ಎರಡು ವಾರ ಇದ್ದು, ನಾವಿಬ್ಬರೇ ಒಂದು ವಾರ ನದಿ ಕ್ರೂಸ್ ಮಾಡಬೇಕು ಅಂತ ಆಸೆ. ರೈನ್ ಒಳ್ಳೆಯದೋ ಡ್ಯಾನ್ಯೂಬ್ ಒಳ್ಳೆಯದೋ? ಯಾವ ತಿಂಗಳು? ಬ್ರೋಷರ್‌ಗಳೆಲ್ಲ ಒಂದೇ ಥರ ಇವೆ, ಬೆಲೆ ಮಾತ್ರ ಒಂದಕ್ಕೆ ಮೂರು ಪಟ್ಟು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೆಂಡತಿಗೆ ಮಂಡಿ ನೋವಿದೆ. ನದಿಯಲ್ಲಿ ನೀರು ಕಡಿಮೆಯಾದರೆ ಹಡಗು ನಿಲ್ಲಿಸಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ ಅಂತ ಯಾರೋ ಹೆದರಿಸಿದ್ದಾರೆ. ಇಷ್ಟು ದುಡ್ಡು ಹಾಕಬಹುದಾ ಸರ್?

ಉತ್ತರ: ಹಾಕಬಹುದು. ಆದರೆ ಬ್ರೋಷರ್ ನೋಡಿ ಹಡಗು ಆರಿಸಲು ಹೋಗಬೇಡಿ. ಅವೆಲ್ಲ ಒಂದೇ ಥರ ಕಾಣುವುದಕ್ಕೆ ಕಾರಣವಿದೆ. ಹಡಗುಗಳೇ ಹೆಚ್ಚುಕಡಿಮೆ ಒಂದೇ ಥರ ಇವೆ.

ಯುರೋಪಿನ ನದಿಗಳಲ್ಲಿ ಬಹಳ ಕಡೆ ಅಣೆಕಟ್ಟುಗಳಿವೆ. ಹಡಗು ಅವನ್ನು ದಾಟುವುದು ಲಾಕ್ ಮೂಲಕ. ಎರಡು ಕಡೆ ಬಾಗಿಲು ಇರುವ ದೊಡ್ಡ ಕಾಂಕ್ರೀಟ್ ತೊಟ್ಟಿ ಅದು. ಹಡಗು ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೆತ್ತುತ್ತಾರೆ, ಇಲ್ಲವೇ ನೀರು ಬಿಟ್ಟು ಕೆಳಗಿಳಿಸುತ್ತಾರೆ. ರೈನ್‌ನಿಂದ ಡ್ಯಾನ್ಯೂಬ್‌ಗೆ ಹೋಗುವ ದಾರಿಯಲ್ಲಿರುವ ಮೈನ್ ನದಿಯ ಲಾಕ್‌ಗಳ ಅಗಲ ಬರೀ 12 ಮೀಟರ್. ಅಲ್ಲಿ ತೂರಬೇಕಾದ ಹಡಗು ಸುಮಾರು 11.4 ಮೀಟರ್ ಅಗಲಕ್ಕೆ ನಿಲ್ಲಬೇಕು. ಉದ್ದ ಹೆಚ್ಚೆಂದರೆ 135 ಮೀಟರ್. ಹಳೆಯ ಸೇತುವೆಗಳು ತಗ್ಗಾಗಿರುವುದರಿಂದ ಎತ್ತರಕ್ಕೂ ಮಿತಿ. ಈ ಅಳತೆಯೊಳಗೆ ಯಾವ ಕಂಪನಿ ಕಟ್ಟಿದರೂ ಬರುವುದು ಅಷ್ಟೇ: ಮೂರು ಅಂತಸ್ತು ಕೋಣೆಗಳು, ಒಂದು ಊಟದ ಹಾಲ್, ಒಂದು ಲೌಂಜ್, ಮೇಲೆ ತಾರಸಿಯಂಥ ಸನ್ ಡೆಕ್. ಜನ ನೂರರಿಂದ ನೂರಾ ತೊಂಬತ್ತು. ಡ್ಯಾನ್ಯೂಬ್‌ಗೇ ಅಂತ ಕಟ್ಟಿದ, ಎರಡು ಪಟ್ಟು ಅಗಲದ ಹಡಗು ಒಂದೆರಡು ಇವೆ. ಅವು ಅಪವಾದ.

ಹಾಗಾದರೆ ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತು? ಮದ್ಯ, ಟಿಪ್ಸ್, ಊರು ಸುತ್ತಿಸುವುದು, ಊಟದ ಅದ್ದೂರಿ, ಸಿಬ್ಬಂದಿಯ ಸಂಖ್ಯೆ, ಇಂಗ್ಲಿಷ್ ಮಾತಾಡುವ ಗೈಡ್. ಅವಕ್ಕೆ ಆಮೇಲೆ ಬರೋಣ. ನಿಮ್ಮ ವಾರ ಹೇಗಿರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಇವು ಯಾವುದೂ ಅಲ್ಲ, ವೇಳಾಪಟ್ಟಿ. ಬಹಳಷ್ಟು ಕಂಪನಿಗಳು ರಾತ್ರಿಯಿಡೀ ಹಡಗು ಓಡಿಸುತ್ತವೆ, ಹಗಲಿಡೀ ಊರಿನಲ್ಲಿ ನಿಲ್ಲಿಸುತ್ತವೆ. ಪಟ್ಟಿಯಲ್ಲಿ ಜಾಸ್ತಿ ಊರು ತೋರಿಸಬಹುದಲ್ವಾ! ನೀವು ಮಲಗಿದ್ದಾಗ ನದಿ ದಾಟಿಹೋಗಿರುತ್ತದೆ. ಬೆಳಗ್ಗೆ ಎದ್ದರೆ ಇನ್ನೊಂದು ಊರು, ಇನ್ನೊಂದು ಬಸ್ಸು, ಇನ್ನೊಬ್ಬ ಗೈಡ್. ಅಷ್ಟಕ್ಕೆ ರೈಲು ಮತ್ತು ಹೋಟೆಲ್ ಸಾಕು, ಅರ್ಧ ಬೆಲೆಗೆ ಆಗುತ್ತದೆ. ಹಾಗಾಗಿ ಬುಕ್ ಮಾಡುವ ಮೊದಲು ಒಂದು ಇಮೇಲ್ ಬರೆಯಿರಿ. ಯಾವ ದಿನ, ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ತಲುಪುತ್ತೀರಿ, ಯಾವ ಭಾಗ ಹಗಲಲ್ಲಿ ಸಾಗುತ್ತದೆ ಅಂತ ಕೇಳಿ. ಗಂಟೆ ಸಮೇತ ಉತ್ತರ ಕೊಡದ ಏಜೆಂಟನ್ನು ಬಿಟ್ಟುಬಿಡಿ.

ಈಗ ನದಿ. ರೈನ್‌ನಲ್ಲಿ ನಿಜವಾಗಿ ಕಣ್ಣು ತುಂಬುವ ಭಾಗ ಬಿಂಗೆನ್‌ನಿಂದ ಕೋಬ್ಲೆಂಜ್‌ವರೆಗಿನ ಕಣಿವೆ. ಸುಮಾರು 65 ಕಿಲೋಮೀಟರ್, ಗುಡ್ಡಕ್ಕೊಂದು ಕೋಟೆ. 2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದನ್ನು ನೋಡಲು ಒಂದು ವಾರದ ಕ್ರೂಸ್ ಬೇಕಿಲ್ಲ. ಒಂದು ದಿನದ ಟಿಕೆಟ್ ತೆಗೆದುಕೊಂಡು ಸಾಮಾನ್ಯ ದೋಣಿಯಲ್ಲೇ ಹೋಗಿಬರಬಹುದು. ಉಳಿದ ರೈನ್‌ನ ದಡದಲ್ಲಿ ಕಾರ್ಖಾನೆಗಳು, ಸರಕು ಸಾಗಿಸುವ ಬಾರ್ಜ್‌ಗಳು ಬೇಕಾದಷ್ಟು. ನನಗೆ ಆ ಬಾರ್ಜ್‌ಗಳನ್ನು ನೋಡುತ್ತಾ ಕೂರುವುದೂ ಇಷ್ಟ. ಮನೆಯಾಕೆಗೆ ಇಷ್ಟವಾಗುತ್ತದೋ ಇಲ್ಲವೋ ನೀವೇ ಹೇಳಬೇಕು.

ನಿಮಗೆ ಡ್ಯಾನ್ಯೂಬ್ ಸರಿ. ಅದರಲ್ಲೂ ಜರ್ಮನಿಯ ಪಸ್ಸಾವ್ ಮತ್ತು ಹಂಗೇರಿಯ ಬುಡಾಪೆಸ್ಟ್ ನಡುವಿನ ಭಾಗ. ಡ್ಯಾನ್ಯೂಬ್ ಒಟ್ಟು ಸುಮಾರು 2,850 ಕಿಲೋಮೀಟರ್ ಹರಿಯುತ್ತದೆ, ಹತ್ತು ದೇಶ ಮುಟ್ಟುತ್ತದೆ. ಇಲ್ಲಿ ನಿಮಗೆ ಸಿಗುವುದು 580 ಕಿಲೋಮೀಟರ್ ಹತ್ತಿರ, ನಾಲ್ಕು ದೇಶ, ಮೂರು ರಾಜಧಾನಿ. ಒಂದು ವಾರಕ್ಕೆ ಇಷ್ಟೇ ಹದ. ನ್ಯೂರೆಂಬರ್ಗ್‌ವರೆಗೋ ಆಮ್ಸ್ಟರ್‌ಡ್ಯಾಮ್‌ವರೆಗೋ ಎಳೆಯುವ ಎರಡು ವಾರದ ಪ್ಯಾಕೇಜ್ ಈ ಸಲ ಬೇಡ.

ಇದೇ ದಾರಿಯನ್ನು ಎರಡು ದಿಕ್ಕಿನಲ್ಲೂ ಮಾರುತ್ತಾರೆ. ಹೆಚ್ಚಿನವರು ಇದರ ಬಗ್ಗೆ ಯೋಚಿಸುವುದೇ ಇಲ್ಲ, ಯಾವುದು ಅಗ್ಗವೋ ಅದನ್ನು ತೆಗೆದುಕೊಳ್ಳುತ್ತಾರೆ. ನಾನು ನಿಮಗೆ ಹೇಳುವುದು ಬುಡಾಪೆಸ್ಟ್‌ನಿಂದ ಪಸ್ಸಾವ್‌ಗೆ, ಅಂದರೆ ಹರಿವಿಗೆ ಎದುರಾಗಿ. ಆಸ್ಟ್ರಿಯಾದ ಮೆಲ್ಕ್ ಮತ್ತು ಕ್ರೆಮ್ಸ್ ನಡುವೆ ವಾಖಾವ್ ಅಂತ ಒಂದು ಕಣಿವೆ ಇದೆ. ಈ ಪ್ರಯಾಣದ ತಿರುಳೇ ಅದು. ಇಳಿಮುಖವಾಗಿ ಹೋದರೆ ದೋಣಿ ಅದನ್ನು ಎರಡು ಗಂಟೆಯೊಳಗೆ ದಾಟಿಬಿಡುತ್ತದೆ. ಎದುರು ಹೋದರೆ ಸುಮಾರು ಮೂರು ಗಂಟೆ ಬೇಕು. ಅದೇ ಕಣಿವೆ, ಒಂದು ಗಂಟೆ ಜಾಸ್ತಿ. ಇದಕ್ಕೆ ಯಾರೂ ಬಿಲ್ ಹಾಕುವುದಿಲ್ಲ.

ಇನ್ನೊಂದು ಅನುಕೂಲ ನಿಮಗೇ ವಿಶೇಷ. ಮ್ಯೂನಿಕ್‌ನಿಂದ ಬುಡಾಪೆಸ್ಟ್‌ಗೆ ನೇರ ರೈಲಿದೆ, ಏಳು ಗಂಟೆಯ ಆಸುಪಾಸು. ಕೂತಲ್ಲೇ ಸಾಲ್ಜ್‌ಬರ್ಗ್, ವಿಯೆನ್ನಾ ದಾಟುತ್ತೀರಿ. ಎರಡು ದಿನ ಮೊದಲೇ ಹೋಗಿ ಬುಡಾಪೆಸ್ಟ್ ನಿಧಾನವಾಗಿ ನೋಡಿ, ಅಲ್ಲಿ ಹಡಗು ಹತ್ತಿ. ವಾರದ ಕೊನೆಗೆ ಪಸ್ಸಾವ್‌ನಲ್ಲಿ ಇಳಿದರೆ ಮಗ ಕಾರು ತಂದು ಕರೆದುಕೊಂಡು ಹೋಗಬಹುದು, ಎರಡು ಎರಡೂವರೆ ಗಂಟೆ ದಾರಿ. ಸೂಟ್‌ಕೇಸ್ ಎತ್ತಿಕೊಂಡು ಓಡುವ ಕೆಲಸ ಕೊನೆಯಲ್ಲಿ ಇರುವುದಿಲ್ಲ. ಹಡಗು ಹೊರಡುವ ದಿನವೇ ಊರು ತಲುಪುವ ಯೋಜನೆ ಮಾತ್ರ ಯಾವತ್ತೂ ಬೇಡ. ರೈಲು ತಪ್ಪಿದರೆ ಹಡಗು ಕಾಯುವುದಿಲ್ಲ.

ನೀರಿನ ವಿಷಯದಲ್ಲಿ ನಿಮ್ಮನ್ನು ಹೆದರಿಸಿದವರು ಸುಳ್ಳು ಹೇಳಿಲ್ಲ. ಅರ್ಧ ಮಾತ್ರ ಹೇಳಿದ್ದಾರೆ. ನೀರು ಕಡಿಮೆಯಾದರೆ ಹಡಗಿನ ತಳ ನೆಲಕ್ಕೆ ತಾಗುತ್ತದೆ. ಜಾಸ್ತಿಯಾದರೆ ಸೇತುವೆ ಕೆಳಗೆ ಹಡಗು ತೂರುವುದಿಲ್ಲ. ಎರಡೂ ಆಗುತ್ತವೆ. 2018 ಮತ್ತು 2022ರಲ್ಲಿ ರೈನ್‌ನಲ್ಲಿ ನೀರು ತೀರಾ ಇಳಿದಿತ್ತು. ಕೌಬ್ ಅನ್ನುವ ಊರಿನ ಮಾಪಕ 2018ರ ಅಕ್ಟೋಬರ್‌ನಲ್ಲಿ 25 ಸೆಂಟಿಮೀಟರ್‌ಗೆ ಇಳಿದಿತ್ತು. ಅದು ನದಿಯ ಪೂರ್ತಿ ಆಳ ಅಲ್ಲ, ಒಂದು ಗುರುತಿನಿಂದ ಎಣಿಸುವ ಲೆಕ್ಕ. ಆದರೂ ದೊಡ್ಡ ಹಡಗಿಗೆ ಅಷ್ಟು ಸಾಲದು. ಡ್ಯಾನ್ಯೂಬ್‌ನಲ್ಲಿ ಇದಕ್ಕೆ ತದ್ವಿರುದ್ಧವೂ ಆಗಿದೆ. ಪಸ್ಸಾವ್‌ನಲ್ಲಿ 2013ರ ಜೂನ್‌ನಲ್ಲಿ ನೀರು 12.89 ಮೀಟರ್ ಮಟ್ಟಕ್ಕೆ ಏರಿತು. 1501ರ ನಂತರ ಅಷ್ಟು ಎತ್ತರಕ್ಕೆ ಬಂದಿರಲಿಲ್ಲ. 2024ರ ಜೂನ್‌ನಲ್ಲಿ ಮತ್ತೆ ನೆರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಚಂಡಮಾರುತ ಬಂದು ವಿಯೆನ್ನಾದಲ್ಲಿ ಕ್ರೂಸ್ ಹಡಗುಗಳು ನಿಂತಲ್ಲೇ ನಿಂತವು.

ಅಪಾಯ ನದಿಯುದ್ದಕ್ಕೂ ಒಂದೇ ಥರ ಇರುವುದಿಲ್ಲ. ಅಣೆಕಟ್ಟು ಇರುವ ಕಡೆ ಹಿಂದೆ ನೀರು ನಿಂತಿರುತ್ತದೆ, ಆಳ ಇರುತ್ತದೆ. ಬೇಸಿಗೆಯಲ್ಲೂ ತೊಂದರೆ ಕಡಿಮೆ. ಅಣೆಕಟ್ಟು ಇಲ್ಲದೆ ಸಹಜವಾಗಿ ಹರಿಯುವ ಜಾಗದಲ್ಲೇ ಹಡಗು ಸಿಕ್ಕಿಬೀಳುವುದು. ಬವೇರಿಯಾದಲ್ಲಿ ಶ್ಟ್ರೌಬಿಂಗ್‌ನಿಂದ ಫಿಲ್ಸ್‌ಹೋಫನ್‌ವರೆಗೆ ಅಂಥ ಸುಮಾರು 70 ಕಿಲೋಮೀಟರ್ ಇದೆ. ಬಸ್ಸಿನಲ್ಲಿ ಕರೆದುಕೊಂಡು ಹೋದ ಕಥೆಗಳಲ್ಲಿ ಎಷ್ಟೋ ಈ ಭಾಗದವು. ಪಸ್ಸಾವ್ ಅದಕ್ಕಿಂತ ಕೆಳಗಿದೆ. ನೀವು ಪಸ್ಸಾವ್‌ನಲ್ಲೇ ಇಳಿದರೆ ಆ ತಲೆನೋವಿನ ಜಾಗಕ್ಕೆ ಹೋಗುವುದೇ ಇಲ್ಲ. ನ್ಯೂರೆಂಬರ್ಗ್‌ವರೆಗಿನ ಪ್ಯಾಕೇಜ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಆಮೇಲೂ ಮೂರು ಕಡೆ ನದಿ ಅಣೆಕಟ್ಟಿಲ್ಲದೆ ಹರಿಯುತ್ತದೆ. ಒಂದು ವಾಖಾವ್, ಇನ್ನೊಂದು ವಿಯೆನ್ನಾದಿಂದ ಪೂರ್ವಕ್ಕೆ, ಮತ್ತೊಂದು ಹಂಗೇರಿಯಲ್ಲಿ, ಬುಡಾಪೆಸ್ಟ್‌ನಿಂದ ಮೇಲಕ್ಕೆ. ಅದರ ಅಪಾಯ ಪೂರ್ತಿ ತಪ್ಪುವುದಿಲ್ಲ.

ಕಂಪನಿಯ ಷರತ್ತುಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನೀರಿನ ಮಟ್ಟದಿಂದಾಗಿ ದಾರಿ ಬದಲಾಯಿಸಬಹುದು, ಬಸ್ಸು ಅಥವಾ ಹೋಟೆಲ್ ಕೊಡಬಹುದು, ಹಣ ವಾಪಸ್ ಕೊಡಬೇಕಾಗಿಲ್ಲ. ಓದಿ ಸಹಿ ಮಾಡಿ. ದೊಡ್ಡ ಕಂಪನಿಗಳಿಗೆ ಒಂದು ಅನುಕೂಲ ಇದೆ. ಅಡ್ಡಿಯ ಆಚೆ ಬದಿಯಲ್ಲೂ ಅವರದೇ ಇನ್ನೊಂದು ಹಡಗು ಇರುತ್ತದೆ. ಜನರನ್ನು ಅದಲುಬದಲು ಮಾಡಿ ಪ್ರಯಾಣ ಮುಂದುವರಿಸುತ್ತಾರೆ. ಒಂದೇ ಹಡಗು ಇಟ್ಟುಕೊಂಡ ಕಂಪನಿಗೆ ಅದು ಆಗುವುದಿಲ್ಲ. ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಿಂಗಳು ಯಾವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಮೇ ತಿಂಗಳ ಮೊದಲರ್ಧ ಆರಿಸುತ್ತಿದ್ದೆ. ಮೈಸೂರಿನ ಬೇಸಿಗೆ ತಪ್ಪುತ್ತದೆ. ಅಲ್ಲಿ ಎಂಟು ಗಂಟೆಯವರೆಗೂ ಬೆಳಕಿರುತ್ತದೆ. ಹಗಲು ಸಾಗುವ ನದಿ ಬೇಕು ಅನ್ನುವವರಿಗೆ ಬೆಳಕೇ ದುಡ್ಡು. ಜುಲೈ, ಆಗಸ್ಟ್‌ನಲ್ಲಿ ಜನ ಮತ್ತು ಸೆಖೆ, ಎರಡೂ ಜಾಸ್ತಿ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು ಕೂಡ ಬಹಳ ಚೆನ್ನ. ವಾಖಾವ್‌ನಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಆದರೆ ಏಳು ಗಂಟೆಯೊಳಗೆ ಕತ್ತಲಾಗುತ್ತದೆ. ಡಿಸೆಂಬರ್‌ನ ಕ್ರಿಸ್ಮಸ್ ಮಾರುಕಟ್ಟೆ ಕ್ರೂಸ್‌ಗಳು ಬೇರೆಯದೇ ಲೋಕ. ಸಂಜೆ ನಾಲ್ಕಕ್ಕೆ ಕತ್ತಲು, ಕೊರೆಯುವ ಚಳಿ. ನದಿ ನೋಡಲು ಅಲ್ಲ, ದೀಪ ನೋಡಲು ಹೋಗುವವರಿಗೆ ಅದು. ಮಂಡಿ ನೋವಿರುವವರಿಗೆ ಹಿಮ ಬಿದ್ದ ಕಲ್ಲುಹಾಸು ಬೇಡ.

ಮಂಡಿಯ ವಿಷಯ ಬಂತಲ್ಲ, ಕೋಣೆ ಆರಿಸುವುದೂ ಅದರಿಂದಲೇ. ಕೆಳಗಿನ ಅಂತಸ್ತಿನ ಕೋಣೆ ಅಗ್ಗ. ಅಲ್ಲಿ ಕಿಟಕಿ ಎತ್ತರದಲ್ಲಿ, ಸಣ್ಣದು, ತೆಗೆಯಲು ಬರುವುದಿಲ್ಲ. ಹೊರಗೆ ನೀರಿನ ಮಟ್ಟ ಅಲ್ಲೇ ಕಾಣುತ್ತದೆ. ಅದಕ್ಕಿಂತ ಮುಖ್ಯ, ಬಹಳ ಹಡಗುಗಳಲ್ಲಿ ಲಿಫ್ಟ್ ಕೆಳಗಿನ ಅಂತಸ್ತಿಗೆ ಇಳಿಯುವುದಿಲ್ಲ, ಸನ್ ಡೆಕ್‌ಗೂ ಹತ್ತುವುದಿಲ್ಲ. ‘ಲಿಫ್ಟ್ ಇದೆ’ ಅನ್ನುವ ಒಂದೇ ಮಾತಿಗೆ ತೃಪ್ತರಾಗಬೇಡಿ. ಯಾವ ಅಂತಸ್ತಿನಿಂದ ಯಾವ ಅಂತಸ್ತಿಗೆ ಅಂತ ಕೇಳಿ. ನಿಮಗೆ ಮಧ್ಯದ ಅಂತಸ್ತು, ಹಡಗಿನ ನಡುಭಾಗದ ಕೋಣೆ ಸೂಕ್ತ. ತೀರಾ ಹಿಂದೆ ಎಂಜಿನ್ ಸದ್ದು. ತೀರಾ ಮುಂದೆ ರಾತ್ರಿ ಲಾಕ್‌ಗೆ ನುಗ್ಗುವಾಗ ಗೋಡೆಗೆ ಉಜ್ಜಿದ ಶಬ್ದಕ್ಕೆ ಎಚ್ಚರವಾಗುತ್ತದೆ. ಬುಡಾಪೆಸ್ಟ್‌ನಿಂದ ಪಸ್ಸಾವ್‌ವರೆಗೆ ಒಟ್ಟು 11 ಲಾಕ್ ಇವೆ. ಎಲ್ಲವೂ ಹಗಲೇ ಬರುವುದಿಲ್ಲ.

‘ಫ್ರೆಂಚ್ ಬಾಲ್ಕನಿ’ ಅಂತ ಬರೆದಿದ್ದರೆ ಅಲ್ಲಿ ಕುರ್ಚಿ ಹಾಕಿ ಕೂರಲು ಜಾಗ ಇರುವುದಿಲ್ಲ. ನೆಲದಿಂದ ಸೂರಿನವರೆಗೆ ಗಾಜಿನ ಬಾಗಿಲು, ಸರಿಸಿದರೆ ಹೊರಗೆ ಕಂಬಿ. ಅಷ್ಟೇ. ಗಾಳಿ ಬರುತ್ತದೆ, ನೋಟ ಸಿಗುತ್ತದೆ. ಅದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಮೇಲಿನ ಅಂತಸ್ತಿನ ನಿಜವಾದ ಬಾಲ್ಕನಿಗೆ ದುಪ್ಪಟ್ಟು ಕೊಡುವುದು ನನ್ನ ಪ್ರಕಾರ ದಂಡ. ಬಾಲ್ಕನಿಯಿಂದ ಒಂದೇ ದಡ ಕಾಣುತ್ತದೆ. ಲೌಂಜ್‌ನ ಮುಂಭಾಗದಲ್ಲಿ ಕೂತರೆ ಎರಡೂ ದಡ ಕಾಣುತ್ತವೆ, ಅದು ಎಲ್ಲರಿಗೂ ಪುಕ್ಕಟೆ. ಮೇಲಾಗಿ ಊರುಗಳಲ್ಲಿ ಜಾಗ ಸಾಲದೆ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ಪರದೆ ಸರಿಸಿದರೆ ಕಾಣುವುದು ಪಕ್ಕದ ಹಡಗಿನ ಯಾರದೋ ಹಾಸಿಗೆ! ದಡಕ್ಕೆ ಹೋಗಬೇಕಾದರೂ ಆ ಹಡಗಿನ ಒಳಗಿನಿಂದಲೇ ದಾಟಬೇಕು. ಕೆಲವು ಸಲ ಸನ್ ಡೆಕ್‌ಗೆ ಹತ್ತಿ, ಆ ಕಡೆ ಇಳಿಯಬೇಕಾಗುತ್ತದೆ. ಮನೆಯವರಿಗೆ ಇದು ಕಷ್ಟ. ಸಿಬ್ಬಂದಿಗೆ ಮೊದಲ ದಿನವೇ ಹೇಳಿಟ್ಟರೆ ಕೈಹಿಡಿದು ದಾಟಿಸುತ್ತಾರೆ.

ಊರು ಸುತ್ತುವಾಗ ನಿಧಾನವಾಗಿ ನಡೆಯುವವರಿಗೆ ಬೇರೆ ಗುಂಪು ಇರುತ್ತದೆ. ಸಂಕೋಚಪಡದೆ ಅದಕ್ಕೆ ಹೆಸರು ಕೊಡಿ. ಗಟ್ಟಿ ತಳದ ಹಳೆಯ ಶೂ ಇರಲಿ, ಪ್ರಯಾಣಕ್ಕೆ ಅಂತ ಹೊಸದು ಕೊಂಡು ಕಾಲು ಕಚ್ಚಿಸಿಕೊಳ್ಳಬೇಡಿ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮವರ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅವರ ಲೆಕ್ಕದ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿದೆ. ತರಕಾರಿ ಸೂಪ್‌ಗೆ ಮಾಂಸದ ಸಾರು ಹಾಕಿರಬಹುದು. ಜೆಲ್ಲಿ, ಮೂಸ್‌ನಂಥ ಸಿಹಿಗಳಲ್ಲಿ ಜೆಲಟಿನ್ ಇರುತ್ತದೆ. ಎಷ್ಟೋ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನೀವು ಎಲ್ಲಿ ಗೆರೆ ಎಳೆಯುತ್ತೀರಿ ಅಂತ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಬುಕ್ ಮಾಡುವಾಗಲೇ ಲಿಖಿತವಾಗಿ ತಿಳಿಸಿ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಮಾಂಸದ ಸಾರು ಇಲ್ಲ, ಹಾಲು ಮೊಸರು ಬೆಣ್ಣೆ ಆಗುತ್ತದೆ. ‘ಇಂಡಿಯನ್ ವೆಜಿಟೇರಿಯನ್’ ಅಂತ ಎರಡು ಪದ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹತ್ತಿದ ದಿನ ಊಟದ ಹಾಲ್‌ನ ಮೇಲ್ವಿಚಾರಕರನ್ನು ಕಂಡು ಮತ್ತೆ ಹೇಳಿ. ಮರುದಿನದ ಮೆನು ಹಿಂದಿನ ಸಂಜೆಯೇ ತೋರಿಸಿ ಅಂತ ಕೇಳಿ. ಅಡುಗೆಯವರಿಗೆ ಒಂದು ರಾತ್ರಿ ಸಮಯ ಸಿಕ್ಕರೆ ನಿಮಗಾಗಿ ಬೇರೆ ಮಾಡಿಕೊಡುತ್ತಾರೆ. ಊಟಕ್ಕೆ ಕೂತ ಮೇಲೆ ಹೇಳಿದರೆ ಬೇಯಿಸಿದ ತರಕಾರಿ, ಆಲೂಗಡ್ಡೆಯೇ ಗತಿ.

ದಡದಲ್ಲಿ ನೆಚ್ಚಿಕೊಳ್ಳಬಹುದಾದವು ಕೆಲವಿವೆ. ಹಂಗೇರಿಯ ಲಾಂಗೋಶ್ ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಒಂದು ತಿಂದರೆ ಮಧ್ಯಾಹ್ನದ ಊಟ ಬೇಡ. ಆಸ್ಟ್ರಿಯಾದ ಸೇಬಿನ ಸ್ಟ್ರೂಡೆಲ್‌ನಲ್ಲಿ ಮೊಟ್ಟೆ ಇರಬಹುದು, ಇಲ್ಲದೆಯೂ ಇರಬಹುದು, ಕೇಳಿ. ಕೈಸರ್‌ಶ್ಮಾರ್ನ್ ಪೂರ್ತಿ ಮೊಟ್ಟೆಯದು, ಬಿಡಿ. ಏನೂ ತೋಚದಿದ್ದರೆ ವೇಗನ್ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಅಂಗಡಿ, ಹೋಟೆಲ್ ಎಲ್ಲ ಕಡೆ ಆ ಗುರುತು ಸಿಗುತ್ತದೆ.

ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಖಂಡಿತ ಒಯ್ಯಿರಿ. ತುಪ್ಪ, ಹಾಲಿನ ಪುಡಿ, ಪನೀರ್ ಬೇಡ. ಹೊರ ದೇಶಗಳಿಂದ ಮಾಂಸ ಮತ್ತು ಹಾಲಿನ ಉತ್ಪನ್ನ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಮಗ ಎಷ್ಟೇ ಆಸೆಪಟ್ಟರೂ ಸೂಟ್‌ಕೇಸಿಗೆ ಹಾಕಬೇಡಿ. ಹಡಗಿನ ಕೋಣೆಯಲ್ಲಿ ಕುಕ್ಕರ್, ಕೆಟಲ್ ಬಳಸಲು ಬೆಂಕಿಯ ಭಯದಿಂದ ಸಾಮಾನ್ಯವಾಗಿ ಬಿಡುವುದಿಲ್ಲ. ಲೌಂಜ್‌ನಲ್ಲಿ ಕಾಫಿ ಯಂತ್ರ, ಬಿಸಿನೀರು ಹಗಲು ರಾತ್ರಿ ಇರುತ್ತದೆ. ಇನ್‌ಸ್ಟಂಟ್ ಉಪ್ಪಿಟ್ಟಿನ ಕಪ್ ಅದಕ್ಕೆ ಸಾಕು. ಫಿಲ್ಟರ್ ಕಾಫಿ ಮರೆತುಬಿಡಿ, ಅಥವಾ ಡಿಕಾಕ್ಷನ್ ಪುಡಿ ಒಯ್ಯಿರಿ.

ಹತ್ತಿದ ಮೇಲೆ ಏನು ಮಾಡಬೇಕು? ಹೆಚ್ಚೇನೂ ಬೇಡ. ಪ್ರತಿ ಊರಿನಲ್ಲೂ ಇಳಿಯಲೇಬೇಕು ಅನ್ನುವ ಹಟ ಬಿಡಿ. ಎಲ್ಲರೂ ಬಸ್ಸಿಗೆ ಹೋದ ಮೇಲೆ ಖಾಲಿಯಾದ ಸನ್ ಡೆಕ್ ಇದೆಯಲ್ಲ, ಅದು ನಿಮ್ಮ ಟಿಕೆಟ್‌ನಲ್ಲಿ ಸೇರಿದ ಒಳ್ಳೆಯ ವಸ್ತುಗಳಲ್ಲಿ ಒಂದು. ದಡದಲ್ಲಿ ಸಂಖ್ಯೆ ಬರೆದ ಫಲಕಗಳು ಕಾಣುತ್ತವೆ. ಡ್ಯಾನ್ಯೂಬ್‌ನ ಕಿಲೋಮೀಟರ್ ಎಣಿಸುವುದು ಕಪ್ಪು ಸಮುದ್ರದ ತುದಿಯಿಂದ, ಅಂದರೆ ನದಿ ಸಮುದ್ರ ಸೇರುವಲ್ಲಿಂದ ಮೂಲದ ಕಡೆಗೆ. ಬುಡಾಪೆಸ್ಟ್ ಸುಮಾರು 1647, ವಿಯೆನ್ನಾ 1929, ಪಸ್ಸಾವ್ 2225 ಹತ್ತಿರ. ಫೋನಿನ ನಕ್ಷೆ ಇಲ್ಲದೆಯೂ ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಬುಡಾಪೆಸ್ಟ್‌ನಿಂದ ಹಡಗು ಯಾವಾಗ ಹೊರಡುತ್ತದೆ ಅಂತ ನೋಡಿ. ಬಹಳಷ್ಟು ರಾತ್ರಿ ಹೊರಡುತ್ತವೆ, ಪಾರ್ಲಿಮೆಂಟ್ ಕಟ್ಟಡದ ದೀಪ ತೋರಿಸಲು. ದೀಪ ಚೆನ್ನಾಗಿಯೇ ಇರುತ್ತದೆ. ಆದರೆ ಸ್ವಲ್ಪ ಮೇಲಕ್ಕೆ ಹೋದರೆ ಗುಡ್ಡಗಳ ನಡುವೆ ನದಿ ದೊಡ್ಡ ತಿರುವು ತೆಗೆದುಕೊಳ್ಳುವ ಜಾಗ, ಎಸ್ಟರ್‌ಗೊಮ್‌ನ ಬೃಹತ್ ಚರ್ಚ್ ಎಲ್ಲ ಕತ್ತಲಲ್ಲಿ ಕಳೆದುಹೋಗುತ್ತದೆ. ನೀವು ಎರಡು ದಿನ ಮೊದಲೇ ಅಲ್ಲಿರುತ್ತೀರಿ. ದೀಪಗಳನ್ನು 2ನೇ ನಂಬರ್ ಟ್ರಾಮಿನಲ್ಲಿ ಕೂತು ನೋಡಿಬಿಡಿ, ಅದು ನದಿಯ ಪಕ್ಕದಲ್ಲೇ ಓಡುತ್ತದೆ. ಹಗಲು ಹೊರಡುವ ಹಡಗು ಸಿಕ್ಕರೆ ಅದನ್ನೇ ಆರಿಸಿ. ಸೆಚೆನಿ ಬಿಸಿನೀರಿನ ಕೊಳಕ್ಕೆ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. 1913ರಿಂದ ನಡೆಯುತ್ತಿದೆ. ಈಜುಡುಗೆ ಕಡ್ಡಾಯ. ಮಂಡಿಗೆ ಹಿತ.

ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಹಡಗು ಹಳೆಯ ಊರಿನ ಹತ್ತಿರವೇ ನಿಲ್ಲುತ್ತದೆ, ನೀವೇ ಸುತ್ತಾಡಿ ಬನ್ನಿ. ಅದಕ್ಕೆ ಮೊದಲು ಗಾಬ್ಚಿಕೊವೊ ಅನ್ನುವ ಲಾಕ್ ಬರುತ್ತದೆ. ಈ ದಾರಿಯ ಅತಿ ದೊಡ್ಡ ಲಾಕ್ ಅದು. ಹಡಗು ಇಪ್ಪತ್ತು ಮೀಟರ್ ಹತ್ತಿರ ಮೇಲೇಳುತ್ತದೆ. ಬಾವಿಯ ತಳದಲ್ಲಿ ನಿಂತ ಹಾಗಿರುತ್ತದೆ, ಆಮೇಲೆ ಗೋಡೆ ಕರಗಿ ಬಯಲು ಕಾಣುತ್ತದೆ. ಹಗಲು ಬಂದರೆ ತಪ್ಪಿಸಬೇಡಿ.

ವಿಯೆನ್ನಾದಲ್ಲಿ ಹಡಗುಗಳು ಹೆಚ್ಚಾಗಿ ರೈಖ್ಸ್‌ಬ್ರುಕೆ ಸೇತುವೆ ಹತ್ತಿರ ನಿಲ್ಲುತ್ತವೆ. ಊರಿನ ನಡುಭಾಗ ಅಲ್ಲಿಂದ ದೂರ ಅಂತ ಬಸ್ ಟೂರ್ ಮಾರುತ್ತಾರೆ. ಫೋರ್ಗಾರ್ಟೆನ್‌ಸ್ಟ್ರಾಸೆ ನಿಲ್ದಾಣಕ್ಕೆ ನಡೆದು ಹೋಗಿ ಯು1 ಮೆಟ್ರೊ ಹತ್ತಿದರೆ ನಾಲ್ಕನೇ ನಿಲ್ದಾಣವೇ ಸೇಂಟ್ ಸ್ಟೀಫನ್ಸ್ ಚರ್ಚ್. ಸಂಜೆಯ ಸಂಗೀತ ಕಛೇರಿಗೆ ಹಡಗಿನಲ್ಲಿ ಬೇರೆ ದುಡ್ಡು ಕೇಳುತ್ತಾರೆ. ಪ್ರವಾಸಿಗರಿಗೆ ಅಂತಲೇ ಮಾಡುವ ಕಛೇರಿ ಅದು, ನನಗೆ ಅಷ್ಟೇನೂ ಹಿಡಿಸುವುದಿಲ್ಲ. ಮೇ, ಜೂನ್, ಸೆಪ್ಟೆಂಬರ್ ತಿಂಗಳ ಹಲವು ಸಂಜೆ ಸ್ಟೇಟ್ ಒಪೆರಾದ ಒಳಗಿನ ಪ್ರದರ್ಶನವನ್ನು ಹೊರಗೆ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೇರವಾಗಿ ತೋರಿಸುತ್ತಾರೆ. ಕುರ್ಚಿ ಹಾಕಿರುತ್ತಾರೆ, ಟಿಕೆಟ್ ಇಲ್ಲ.

ವಾಖಾವ್ ದಿನ ಮಾತ್ರ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕಣಿವೆ ಇದು. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲುಗಳಲ್ಲಿ ದ್ರಾಕ್ಷಿ, ಕೆಳಗೆ ಏಪ್ರಿಕಾಟ್ ತೋಟ. ಡ್ಯೂರ್ನ್‌ಸ್ಟೈನ್ ಊರಿನ ನೀಲಿ ಗೋಪುರ ದೂರದಿಂದಲೇ ಕಾಣುತ್ತದೆ. ಮೇಲಿನ ಪಾಳು ಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192-93ರ ಚಳಿಗಾಲದಲ್ಲಿ ಸೆರೆ ಇಟ್ಟಿದ್ದರು. ಹತ್ತುವ ದಾರಿ ಕಡಿದು. ಮನೆಯವರು ಕೆಳಗೆ ಏಪ್ರಿಕಾಟ್ ಜ್ಯೂಸ್ ಕುಡಿಯುತ್ತಿರಲಿ, ನೀವೊಬ್ಬರೇ ಹೋಗಿಬನ್ನಿ. ಮಧ್ಯಾಹ್ನ ಹಡಗು ಮೆಲ್ಕ್ ಕಡೆ ಹೊರಟಾಗ ಸನ್ ಡೆಕ್ ಮೇಲೆ ಮೊದಲೇ ಕುರ್ಚಿ ಹಿಡಿಯಿರಿ. ಮೆಲ್ಕ್‌ನ ಮಠದಲ್ಲಿ 1089ರಿಂದ ಬೆನೆಡಿಕ್ಟೈನ್ ಸನ್ಯಾಸಿಗಳಿದ್ದಾರೆ. ಈಗ ಕಾಣುವ ಹಳದಿ ಕಟ್ಟಡ 1702ರಲ್ಲಿ ಶುರುವಾದದ್ದು. ಬಸ್ಸು ಮೇಲಿನವರೆಗೂ ಹೋಗುತ್ತದೆ.

ಲಿಂಟ್ಸ್‌ನಿಂದ ಸಾಲ್ಜ್‌ಬರ್ಗ್‌ಗೆ ಇಡೀ ದಿನದ ಬಸ್ ಟೂರ್ ಮಾರುತ್ತಾರೆ. ಬೇಡ. ಸಾಲ್ಜ್‌ಬರ್ಗ್ ಮ್ಯೂನಿಕ್‌ನಿಂದ ಹತ್ತಿರ, ಮಗನ ಜೊತೆ ಹೋಗಿ. ಆ ದಿನ ಹಡಗಿನಲ್ಲೇ ಇರಿ. ಲಿಂಟ್ಸ್ ದಾಟಿದ ಮೇಲೆ ಶ್ಲೋಗೆನ್ ಅನ್ನುವಲ್ಲಿ ಗ್ರಾನೈಟ್ ಗುಡ್ಡ ಕೊರೆಯಲಾಗದೆ ನದಿ ಬಂದ ದಿಕ್ಕಿಗೇ ತಿರುಗಿಬಿಡುತ್ತದೆ. ಅದು ಎಷ್ಟು ಗಂಟೆಗೆ ಬರುತ್ತದೆ ಅಂತ ಕ್ಯಾಪ್ಟನ್‌ನನ್ನು ಕೇಳಿ. ಬೆಳಗಿನ ಜಾವ ಐದಕ್ಕಾದರೂ ಸರಿ, ಏಳಿ. ಪಸ್ಸಾವ್‌ನ ದೊಡ್ಡ ಚರ್ಚಿನ ಆರ್ಗನ್‌ಗೆ ಹದಿನೆಂಟು ಸಾವಿರದಷ್ಟು ಕೊಳವೆಗಳಿವೆ. ಮೇಯಿಂದ ಅಕ್ಟೋಬರ್‌ವರೆಗೆ ಮಧ್ಯಾಹ್ನ ಹನ್ನೆರಡಕ್ಕೆ ನುಡಿಸುತ್ತಾರೆ, ಭಾನುವಾರ ಇಲ್ಲ.

ಇನ್ನು ದುಡ್ಡು. ಒಂದು ವಾರಕ್ಕೆ ಒಬ್ಬರಿಗೆ 1,200 ಯೂರೋದಿಂದ 5,000 ಯೂರೋವರೆಗೂ ನೀವು ನೋಡುತ್ತೀರಿ. ನೀವು ಕುಡಿಯುವವರಲ್ಲದಿದ್ದರೆ ‘ಎಲ್ಲವೂ ಸೇರಿದ’ ದುಬಾರಿ ಪ್ಯಾಕೇಜ್ ಸುಮ್ನೆ ದಂಡ, ಬೇರೆಯವರ ವೈನ್‌ಗೆ ನೀವು ಕೊಟ್ಟ ಹಾಗೆ. ಜರ್ಮನ್ ಕಂಪನಿಗಳು ಪಸ್ಸಾವ್‌ನಿಂದ ಹೋಗಿ ಪಸ್ಸಾವ್‌ಗೇ ಬರುವ ಅಗ್ಗದ ಕ್ರೂಸ್ ನಡೆಸುತ್ತವೆ. ಹಡಗು ಚೆನ್ನಾಗಿರುತ್ತದೆ, ಆದರೆ ಪ್ರಕಟಣೆ, ಗೈಡ್ ಎಲ್ಲ ಹೆಚ್ಚಾಗಿ ಜರ್ಮನ್. ಮಗನೂ ಜೊತೆಗೆ ಬರುವುದಾದರೆ ನೋಡಬಹುದು. ನೀವಿಬ್ಬರೇ ಅಂದರೆ ಇಂಗ್ಲಿಷ್ ಮಾತಾಡುವ ಹಡಗಿನ ಮಧ್ಯಮ ದರ್ಜೆ ಸಾಕು. ಟಿಪ್ಸ್ ಸೇರಿದೆಯಾ ನೋಡಿ. ಸೇರದಿದ್ದರೆ ಒಬ್ಬರಿಗೆ ದಿನಕ್ಕೆ 10ರಿಂದ 15 ಯೂರೋ ನಿರೀಕ್ಷೆ ಇರುತ್ತದೆ. ಇಲ್ಲಿನ ಏಜೆಂಟ್ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ. ಬ್ಯಾಂಕಿನವರಾದ ನಿಮಗೆ ಹೇಳಬೇಕಿಲ್ಲ, ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹಂಗೇರಿಯಲ್ಲಿ ಫೋರಿಂಟ್, ಉಳಿದ ಮೂರೂ ದೇಶದಲ್ಲಿ ಯೂರೋ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ.

ವೀಸಾ ಒಂದೇ ಸಾಕು, ನಾಲ್ಕೂ ಷೆಂಗೆನ್ ದೇಶಗಳು. ಹೆಚ್ಚು ರಾತ್ರಿ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಮಗನ ಮನೆಯಲ್ಲಿ ಎರಡು ವಾರ ಇರುವುದರಿಂದ ನಿಮ್ಮದು ಜರ್ಮನಿ. ವಯಸ್ಕರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆಗೆ ಮುಂಚೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಮೇ ಪ್ರಯಾಣಕ್ಕೆ ಡಿಸೆಂಬರ್‌ನಲ್ಲೇ ಶುರು ಮಾಡಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದರಲ್ಲಿ ಪ್ರಯಾಣ ಮೊಟಕಾದರೆ ಹಣ ಬರುವ ಭಾಗವೂ ಇರುವ ಪಾಲಿಸಿ ಹುಡುಕಿ, ಮಂಡಿ ನೋವು, ಬಿಪಿ ಎಲ್ಲ ಬರೆಸಿ. ಖರ್ಚು ಮಗನೇ ನೋಡಿಕೊಳ್ಳುವುದಾದರೆ ಅವನು ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ಹೊಣೆ ಹೊರುವ ಪತ್ರ ಮಾಡಿಸಿ ಮೂಲ ಪ್ರತಿಯನ್ನೇ ಕಳಿಸಬೇಕು. ಆ ಕಚೇರಿಯ ಸಮಯ ಸಿಗುವುದಕ್ಕೂ ವಾರಗಟ್ಟಲೆ ಹಿಡಿಯುತ್ತದೆ. ನವೆಂಬರ್‌ನಲ್ಲೇ ಕೇಳಲಿ.